ಪರದೇಶದಲ್ಲಿ ಗಾಂಧಿಯವರು

ಗಾಂಧಿಯವರ ಹೆಸರನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ. ಅವರು ಪರದೇಶದಲ್ಲಿ ಮೈಬಣ್ಣದ ನಿಮಿತ್ತ ಪಟ್ಟ ಅವಮಾನವನ್ನೂ ಅದರಿಂದ ಕಲಿತ ಪಾಠವನ್ನೂ ಸಂಕ್ಷೇಪವಾಗಿ ತಿಳಿಸುವೆವು.

ಅವರು 1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿ, ಲಂಡನಿನಲ್ಲಿ ನ್ಯಾಯಶಾಸ್ತ್ರವನ್ನು ಕಲಿತು, 1893ರಲ್ಲಿ ಒಬ್ಬ ವರ್ತಕರ ವ್ಯಾಜ್ಯದ ನಿಮಿತ್ತ ದಕ್ಷಿಣ ಆಫ್ರಿಕಕ್ಕೆ ಹೋದರು. ಆ ಜೂನ್ ತಿಂಗಳಲ್ಲಿ, ಮೊದಲನೆಯ ತರಗತಿಯ ಟಿಕೇಟು ಕೈಯಲ್ಲಿದ್ದರೂ, ಬಿಳಿಯನೊಬ್ಬನು ಆಕ್ಷೇಪಿಸಿದ್ದರಿಂದ ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನಿನಲ್ಲಿ ಪೊಲೀಸಿನವನು ಅವರನ್ನು ರೈಲಿನಿಂದ ಹೊರಗೆ ತಳ್ಳಿದನು. ಅಲ್ಲಿ ಅದು ಚಳಿಗಾಲ. ಮೇಲಂಗಿಯು ರೈಲಿನವರ ವಶದಲ್ಲಿದ್ದ ಸಾಮಾನಿನೊಳಗಿತ್ತು. ಕೇಳಿದರೆ ಮತ್ತೆ ಅವಮಾನವಾದೀತೆಂದು ಕೇಳದೆ, ದೀಪವಿಲ್ಲದ ಕೋಣೆಯಲ್ಲಿ ನಡುಗುತ್ತಾ ಕೂತರು. ಸ್ವದೇಶಕ್ಕೆ ಹಿಂದಿರುಗುವದೋ ನಿಲ್ಲುವದೋ ಎಂದು ಯೋಚಿಸಿ, ನಿಲ್ಲುವದೇ ಕರ್ತವ್ಯವೆಂದು ನಿಶ್ಚಯಿಸಿದರು.

1897ರ ಜನವರಿಯಲ್ಲಿ ದರ್ಬಾನಿನ ಬಿಳಿಯರ ಗುಂಪು ಅವರ ಮೇಲೆ ಕಲ್ಲನ್ನೂ ಕೊಳೆತ ಮೊಟ್ಟೆಯನ್ನೂ ಎಸೆದು ಹೊಡೆಯಿತು. ತಾವೂ ಬಿಳಿಯರಾದ, ಪೊಲೀಸು ಮುಖ್ಯಾಧಿಕಾರಿಯ ಪತ್ನಿ ಅಲೆಕ್ಸಾಂಡರ್ ದೊರೆಸಾನಿಯವರು ಕೊಡೆಯನ್ನು ಬಿಚ್ಚಿ ಅಡ್ಡ ನಿಂತು ಕಾಪಾಡಿದರು. ಹೊಡೆದವರ ಮೇಲೆ ಫಿರ್ಯಾದು ಮಾಡಲು ಗಾಂಧಿಯವರು ಒಪ್ಪಲಿಲ್ಲ.

ಇವುಗಳಿಗಿಂತ ಚಿಕ್ಕದಾದ ಒಂದು ಸಂಗತಿಯು ನಮ್ಮ ಮನಸ್ಸಿಗೆ ಹೆಚ್ಚಾಗಿ ನಾಟುತ್ತದೆ. ಪ್ರಿಟೋರಿಯ ಪಟ್ಟಣದಲ್ಲಿ ಒಬ್ಬ ಬಿಳಿಯ ಕ್ಷೌರಿಕನು ಅವರ ಕೂದಲನ್ನು ಕತ್ತರಿಸಲೊಲ್ಲೆನೆಂದನು. ಅವರು ಯಂತ್ರವನ್ನು ಕೊಂಡು, ಕನ್ನಡಿಯ ಮುಂದೆ ನಿಂತು ತಾವೇ ಕತ್ತರಿಸಿಕೊಂಡರು. ಹಿಂದಲೆ ಕೆಟ್ಟುಹೋಯಿತು; ನ್ಯಾಯಾಲಯದಲ್ಲಿ ಮಿತ್ರರು ನಕ್ಕರು. ಆದರೆ ಅವರು ಕ್ಷೌರಿಕನನ್ನು ದೂರಲಿಲ್ಲ. ಕರಿಯರನ್ನು ಮುಟ್ಟಿದರೆ ಅವನ ಗಿರಾಕಿಗಳು ಬಿಟ್ಟುಹೋಗುವರು. ಅಸ್ಪೃಶ್ಯರೆನಿಸಿದ ನಮ್ಮ ಸಹೋದರರಿಗೆ ಕ್ಷೌರ ಮಾಡಲು ನಾವೂ ಬಿಡುವದಿಲ್ಲವಲ್ಲಾ, ಅದರ ಫಲವೇ ಇದು ಎಂದು ತಮ್ಮೊಳಗೆ ಎಣಿಸಿಕೊಂಡರು.

ಅವರ ಕುಂದನ್ನೂ ನಾವು ಮರೆಮಾಡೆವು. ದರ್ಬಾನಿನ ಅಂಚೆಮನೆಗೆ ಬಿಳಿಯರಿಗೊಂದು, ಉಳಿದವರಿಗೆಲ್ಲಾ ಒಂದು, ಹೀಗೆ ಎರಡು ಬಾಗಿಲುಗಳಿದ್ದವು. ಆಫ್ರಿಕದವರೊಡನೆ ಒಂದೇ ಬಾಗಿಲಿನಿಂದ ಹೋಗುವದು ಅವಮಾನವೆಂದು ಭಾರತೀಯರು ಅರ್ಜಿ ಮಾಡಿದಾಗ ಅವರೂ ಅದರಲ್ಲಿ ಸೇರಿದ್ದರು. ಮೂರನೆಯ ಬಾಗಿಲು ದೊರೆಯಿತು. ತುಳಿಯಲ್ಪಟ್ಟವನೂ ಇನ್ನೊಬ್ಬನನ್ನು ಕೀಳೆಂದು ಎಣಿಸುವದುಂಟು. ಕಾಲಕ್ರಮದಲ್ಲಿ ಅವರ ಮನಸ್ಸು ವಿಶಾಲವಾಯಿತು.

1915ರಲ್ಲಿ ಸ್ವದೇಶಕ್ಕೆ ಬಂದ ಮೇಲೆ, ಅಹಮದಾಬಾದಿನ ತಮ್ಮ ಆಶ್ರಮದಲ್ಲಿ ಅಸ್ಪೃಶ್ಯರೆನಿಸಿದ ಒಂದು ಕುಟುಂಬವನ್ನು ಸೇರಿಸಿಕೊಂಡರು. ಹಣದ ಸಹಾಯವು ನಿಂತಿತು. ಬಾವಿಯ ಬಳಿ ಆಶ್ರಮದವರು ಬೈಗಳನ್ನು ಕೇಳಬೇಕಾಯಿತು. ಆದರೂ ಆ ಕುಟುಂಬವನ್ನು ಕಳುಹಿಸಿಬಿಡಲಿಲ್ಲ.

ಪ್ರಿಯರೇ, ನಮ್ಮಲ್ಲಿ ಅನೇಕರು ಬಾವಿಯಿಂದಲೂ ಬೀದಿಯಿಂದಲೂ ಅಟ್ಟಲ್ಪಟ್ಟವರ ಮಕ್ಕಳು. ಹೀಗಿದ್ದು, ಕೂಡಿ ಉಣ್ಣುವಾಗಲೂ ಹೆಣ್ಣು ಕೊಟ್ಟು ತರುವಾಗಲೂ ನಾವು ಇನ್ನೊಬ್ಬರ ಹಿಂದಿನ ಕುಲವನ್ನು ವಿಚಾರಿಸಿದರೆ, ಆ ಮೂರನೆಯ ಬಾಗಿಲನ್ನೇ ಕೇಳಿದಂತಾಗುವದು. ಅಂಥಾದ್ದು ನಮ್ಮ ಸಭೆಗಳಲ್ಲಿ ಇಲ್ಲದಿರಲಿ.