ಮನೋವಿಜ್ಞಾನಿ ವಿಲಿಯಂ ಜೇಮ್ಸ್

ಕೋಪ, ಭಯ, ದುಃಖಗಳು ಮನುಷ್ಯಮಾತ್ರರಿಗೆಲ್ಲ ಉಂಟು. ಅವು ಹುಟ್ಟುವ ಬಗೆಯನ್ನು ವಿಚಾರಿಸಿ, ಆ ತಿಳಿವನ್ನು ಶಾಲೆಯ ಉಪಾಧ್ಯಾಯರ ಕೈಗೆ ಕೊಟ್ಟವರಲ್ಲಿ ಅಮೇರಿಕೆಯ ವಿಲಿಯಂ ಜೇಮ್ಸರು ಅಗ್ರಗಣ್ಯರು.

1842ನೆಯ ಇಸವಿ ಜನವರಿ 11ರಂದು ನ್ಯೂಯಾರ್ಕ್ ನಗರದ ಸಿರಿವಂತ ಮನೆತನವೊಂದರಲ್ಲಿ ಅವರು ಜನಿಸಿದರು. ಪ್ರಸಿದ್ಧ ಕಾದಂಬರಿಕಾರ ಹೆನ್ರಿ ಜೇಮ್ಸರು ಇವರ ತಮ್ಮ. ಸಿರಿಯಿದ್ದರೂ ವಿಲಿಯಂರಿಗೆ ನೆಮ್ಮದಿಯಿರಲಿಲ್ಲ. ಮೊದಲು ಚಿತ್ರಕಲೆ, ಬಳಿಕ ರಸಾಯನಶಾಸ್ತ್ರ, ಆಮೇಲೆ ವೈದ್ಯ, ಹೀಗೆ ದಾರಿ ಬದಲಿಸುತ್ತ ನಡೆದರು. 1869ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವೈದ್ಯ ಪದವಿ ಪಡೆದರೂ ಆ ವೃತ್ತಿಯನ್ನು ಕೈಕೊಳ್ಳಲಿಲ್ಲ. ಬೆನ್ನುನೋವು, ಕಣ್ಣಿನ ಬೇನೆ, ಅವೆಲ್ಲಕ್ಕೂ ಮಿಗಿಲಾಗಿ ಘೋರ ನಿರಾಶೆ ಅವರನ್ನು ಕಾಡಿತು. ಪ್ರಾಣತ್ಯಾಗದ ಯೋಚನೆಯೂ ಸುಳಿದದ್ದುಂಟು. 1870ರ ಏಪ್ರಿಲಿನಲ್ಲಿ ಫ್ರೆಂಚ್ ತತ್ತ್ವಜ್ಞ ರನೂವಿಯೇ ಅವರ ಗ್ರಂಥವನ್ನೋದಿ, ಮನುಷ್ಯನಿಗೆ ಸ್ವತಂತ್ರವಾದ ಇಚ್ಛಾಶಕ್ತಿಯಿದೆಯೆಂದು ನಂಬುವುದೇ ತಮ್ಮ ಇಚ್ಛೆಯ ಮೊದಲ ಕಾರ್ಯವಾಗಲೆಂದು ನಿಶ್ಚಯಿಸಿದರು. ಚೇತರಿಕೆ ಒಂದೇ ದಿನದಲ್ಲಿ ಬರಲಿಲ್ಲ. 1873ರಲ್ಲಿ ಹಾರ್ವರ್ಡಿನಲ್ಲಿ ಪಾಠ ಹೇಳತೊಡಗಿದ ಮೇಲೆ, ದಿನನಿತ್ಯದ ಕೆಲಸವೇ ಅವರಿಗೆ ಊರುಗೋಲಾಯಿತು.

1884ರಲ್ಲಿ ಭಾವವೆಂದರೇನೆಂಬ ಪ್ರಶ್ನೆಯನ್ನೆತ್ತಿ ಅವರು ಬರೆದ ಲೇಖನವು ವಿದ್ವಾಂಸರನ್ನು ಬೆರಗುಗೊಳಿಸಿತು. ಕರಡಿಯನ್ನು ಕಂಡು ಹೆದರುತ್ತೇವೆ, ಹೆದರಿ ಓಡುತ್ತೇವೆ ಎಂಬುದು ಲೋಕದ ಎಣಿಕೆ. ಜೇಮ್ಸರು ಇದನ್ನು ತಿರುಗಿಸಿದರು. ಕರಡಿಯನ್ನು ಕಂಡೊಡನೆ ಎದೆ ಬಡಿದುಕೊಳ್ಳುತ್ತದೆ, ಕಾಲು ಓಡುತ್ತದೆ. ದೇಹದಲ್ಲಾಗುವ ಈ ಬದಲಾವಣೆಗಳ ಅರಿವೇ ಭಯವೆಂದರು. ಮರುವರ್ಷ ಡೆನ್ಮಾರ್ಕಿನ ವೈದ್ಯ ಕಾರ್ಲ್ ಲಾಂಗೆಯವರೂ ಸ್ವತಂತ್ರವಾಗಿ ಇಂಥದೇ ಮತವನ್ನು ಪ್ರಕಟಿಸಿದರು. ಹನ್ನೆರಡು ವರ್ಷ ದುಡಿದು 1890ರಲ್ಲಿ ಜೇಮ್ಸರು ಹೊರತಂದ ಎರಡು ಸಂಪುಟಗಳ ಮನೋವಿಜ್ಞಾನ ಗ್ರಂಥದಲ್ಲಿಯೂ ಈ ವಿಚಾರ ವಿಸ್ತಾರವಾಗಿದೆ.

1892ರಲ್ಲಿ ಕೇಂಬ್ರಿಜ್ ಪಟ್ಟಣದ ಉಪಾಧ್ಯಾಯರಿಗೆ ಅವರು ಉಪನ್ಯಾಸಗಳನ್ನಿತ್ತರು. 1899ರಲ್ಲಿ ಅವು ಪುಸ್ತಕರೂಪ ತಾಳಿದವು. ಮನೋವಿಜ್ಞಾನವು ಶಾಸ್ತ್ರ, ಬೋಧನೆಯು ಕಲೆ. ಶಾಸ್ತ್ರವನ್ನೋದಿದ ಮಾತ್ರಕ್ಕೆ ಒಳ್ಳೆಯ ಗುರುವಾಗಲಾರನೆಂದು ಅವರು ಮೊದಲೇ ಎಚ್ಚರಿಸಿದರು. ವಿದ್ಯಾರ್ಥಿಯ ಮನಸ್ಸಿಗೆ ಹೊಕ್ಕದ್ದು ಏನಾದರೊಂದು ಕ್ರಿಯೆಯಾಗಿ ಹೊರಬರದಿದ್ದರೆ ನಿಲ್ಲುವುದಿಲ್ಲವೆಂಬುದು ಅವರ ಉಪದೇಶದ ತಿರುಳು. ನಾಟಕಶಾಲೆಯಲ್ಲಿ ಕಲ್ಪಿತ ಪಾತ್ರಗಳಿಗಾಗಿ ಕಣ್ಣೀರಿಡುವ ರಷ್ಯದ ಸಿರಿವಂತೆ, ಹೊರಗೆ ಹಿಮದಲ್ಲಿ ಮರಗಟ್ಟುತ್ತಿರುವ ಅವಳ ಬಂಡಿಯಾಳು: ಬರಿಯ ಭಾವದ ವ್ಯರ್ಥತೆಗೆ ತಮ್ಮ ಮಹಾಗ್ರಂಥದಲ್ಲಿ ಅವರು ಕೊಟ್ಟ ದೃಷ್ಟಾಂತವಿದು.

1910ರ ಆಗಸ್ಟ್ 26ರಂದು ಜೇಮ್ಸರು ದೈವಾಧೀನರಾದರು. 1927ರಲ್ಲಿ ಅವರಲ್ಲಿಯೇ ಕಲಿತಿದ್ದ ವಾಲ್ಟರ್ ಕ್ಯಾನನ್ನರು ಗುರುವಿನ ಮತವನ್ನು ಖಂಡಿಸಿದರು. ಬೇರೆ ಬೇರೆ ಭಾವಗಳಲ್ಲಿ ಒಳ ಅವಯವಗಳ ಬದಲಾವಣೆ ಒಂದೇ ತೆರನಾಗಿರುವಾಗ, ಅದರಿಂದಲೇ ಭಾವಭೇದ ಹೇಗೆ ತಿಳಿದೀತೆಂದು ಕೇಳಿದರು. ಆ ಚರ್ಚೆ ಇಂದಿಗೂ ಮುಗಿದಿಲ್ಲ; ಭಾವದಲ್ಲಿ ದೇಹದ ಪಾಲು ದೊಡ್ಡದೆಂಬುದನ್ನು ಮಾತ್ರ ಯಾರೂ ಅಲ್ಲಗಳೆಯರು.

ಸಿಟ್ಟು ಬಂದಾಗ ಹತ್ತರವರೆಗೆ ಎಣಿಸಿದರೆ ಸಿಟ್ಟಿನ ಕಾರಣವೇ ನಗೆಪಾಟಲಾಗಿ ತೋರೀತೆಂದು ಜೇಮ್ಸರು ಬರೆದಿದ್ದಾರೆ. ಗಿರಾಕಿಯ ಬಿರುಮಾತನ್ನೂ ಮೇಲಧಿಕಾರಿಯ ಗದರಿಕೆಯನ್ನೂ ದಿನವೂ ಸಹಿಸುವ ನಮ್ಮ ವಾಚಕರಿಗೆ ಈ ಪಾಠ ಕೈಗೆಟುಕದ್ದೇನಲ್ಲ. ಮನಸ್ಸು ಮೊದಲು ಸರಿಹೋಗಲೆಂದು ಕಾದು ಕೂರದೆ, ಕೈ ಮೊದಲು ಕೆಲಸಕ್ಕೆ ತೊಡಗಲಿ. ಮನಸ್ಸು ಹಿಂದೆ ಬಂದೀತು. ಕತ್ತಲೆಯನ್ನು ತಾವೇ ದಾಟಿಬಂದವರ ಅನುಭವವಿದು.