ಬಸ್ಸು, ರೈಲು ಬೆಸೆದ ಫ್ರಾಂಕ್ ಪಿಕ್

ಲಂಡನ್ನಿನ ಭೂಗತ ರೈಲಿನ ಕೆಂಪು ವರ್ತುಲವನ್ನೂ ಅದರ ಮೇಲೆ ಅಡ್ಡವಾಗಿ ಹಾಯ್ದ ನೀಲಿ ಪಟ್ಟಿಯನ್ನೂ ಚಿತ್ರದಲ್ಲಾದರೂ ಕಾಣದವರು ವಿರಳ. ಆ ಲಾಂಛನ, ನಿಲ್ದಾಣಗಳ ಹೆಸರು ಬರೆದ ಅಚ್ಚುಕಟ್ಟಾದ ಅಕ್ಷರಗಳು, ಗೋಡೆಗಳ ಮೇಲಿನ ಭಿತ್ತಿಪತ್ರಗಳು ಇವೆಲ್ಲದರ ಜೊತೆ ಫ್ರಾಂಕ್ ಪಿಕ್ ಅವರ ಹೆಸರು ಬೆರೆತಿದೆ. ಕಲಾಪೋಷಕರೆಂಬ ಈ ಕೀರ್ತಿ ನ್ಯಾಯವಾದುದೇ. ಆದರೆ ಪಿಕ್ ಮೂಲತಃ ಅಂಕಿಅಂಶಗಳ ಮನುಷ್ಯ. ಮಹಾನಗರವೊಂದರ ಬಸ್ಸು, ಟ್ರಾಮು, ರೈಲುಗಳು ಒಂದಾಗಬೇಕಾದರೆ ಮೊದಲು ಅವುಗಳ ಗಲ್ಲಾಪೆಟ್ಟಿಗೆ ಒಂದಾಗಬೇಕೆಂಬುದನ್ನು ಅರಿತು, ಅದಕ್ಕಾಗಿ ಮೂರು ದಶಕಗಳಿಗೂ ಹೆಚ್ಚು ಕಾಲ ದುಡಿದ ಆಡಳಿತಗಾರ ಅವರು.

1878ರ ನವೆಂಬರ್ 23ರಂದು ಲಿಂಕನ್‌ಶೈರ್‌ನ ಸ್ಪಾಲ್ಡಿಂಗ್ ಎಂಬ ಊರಿನಲ್ಲಿ ಜವಳಿ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದ ಪಿಕ್, ಯಾರ್ಕ್‌ನಲ್ಲಿ ವಿದ್ಯಾರ್ಥಿವೇತನ ಪಡೆದು ಓದಿದರು. ಕಾನೂನಿನಲ್ಲಿ ಅರ್ಹತೆ ಗಳಿಸಿದರೂ ವಕೀಲಿ ವೃತ್ತಿ ಹಿಡಿಯಲಿಲ್ಲ. 1902ರಲ್ಲಿ ನಾರ್ತ್ ಈಸ್ಟರ್ನ್ ರೈಲ್ವೆಯನ್ನು ಸೇರಿದರು. ಅಲ್ಲಿನ ಪ್ರಧಾನ ವ್ಯವಸ್ಥಾಪಕ ಸರ್ ಜಾರ್ಜ್ ಗಿಬ್ ರೈಲ್ವೆ ಆಡಳಿತಕ್ಕೆ ಸಂಖ್ಯಾಶಾಸ್ತ್ರದ ಶಿಸ್ತನ್ನು ತಂದವರು. 1906ರಲ್ಲಿ ಗಿಬ್ ಲಂಡನ್ನಿನ ಭೂಗತ ರೈಲು ಕಂಪನಿಗಳ ಸಮೂಹಕ್ಕೆ ಬಂದಾಗ ಪಿಕ್ ಅವರನ್ನೂ ಕರೆತಂದರು.

ಆ ಸಮೂಹ ಆಗ ದಿವಾಳಿಯ ಅಂಚಿನಲ್ಲಿತ್ತು. ಅಮೆರಿಕದ ಬಂಡವಾಳಗಾರ ಚಾರ್ಲ್ಸ್ ಯರ್ಕೀಸ್ ಆರಂಭಿಸಿದ್ದ ಮೂರು ಆಳದ ಸುರಂಗ ಮಾರ್ಗಗಳು 1906-07ರಲ್ಲಿ ಸಂಚಾರಕ್ಕೆ ತೆರೆದವು. ಅಂದಾಜಿಸಿದಷ್ಟು ಪ್ರಯಾಣಿಕರು ಬರಲಿಲ್ಲ. ಮೇಲೆ ರಸ್ತೆಯಲ್ಲಿ ಬಸ್ಸುಗಳು, ನಗರಾಡಳಿತದ ಟ್ರಾಮುಗಳು, ಪಕ್ಕದಲ್ಲಿ ಬೇರೆ ರೈಲು ಕಂಪನಿಗಳು, ಹೀಗೆ ಎಲ್ಲರೂ ಒಬ್ಬನೇ ಪ್ರಯಾಣಿಕನ ಕಾಸಿಗಾಗಿ ಜಗ್ಗಾಡುತ್ತಿದ್ದರು. 1908ರಲ್ಲಿ ಕಂಪನಿಗಳೆಲ್ಲ ಒಂದೇ ಹೆಸರಿನಡಿ ಒಂದೇ ನಕ್ಷೆ ಹೊರತರಲು ಒಪ್ಪಿದವು. ಪ್ರಚಾರದ ಹೊಣೆ ಪಿಕ್ ಅವರ ಪಾಲಿಗೆ ಬಂದುದೂ ಅದೇ ವರ್ಷ.

ಅವರು ಮಾಡಿಸಿದ ಭಿತ್ತಿಪತ್ರಗಳಲ್ಲಿ ರೈಲು ಕಾಣುವುದು ಅಪರೂಪ. ಉದ್ಯಾನಗಳು, ನದೀತೀರ, ವಸ್ತುಸಂಗ್ರಹಾಲಯ, ಭಾನುವಾರದ ವಿಹಾರ ಇವೇ ಅಲ್ಲಿನ ವಸ್ತು. ಇದರ ಹಿಂದೆ ಸೌಂದರ್ಯಪ್ರಜ್ಞೆಯಷ್ಟೇ ಅರ್ಥಶಾಸ್ತ್ರವೂ ಇತ್ತು. ಬೆಳಿಗ್ಗೆ, ಸಂಜೆ ಕಿಕ್ಕಿರಿದು ನಡುಹೊತ್ತಿನಲ್ಲಿ ಬರಿದಾಗಿ ಓಡುವ ರೈಲಿಗೆ ಇನ್ನೊಬ್ಬ ಪ್ರಯಾಣಿಕ ಹತ್ತಿದರೆ ತಗಲುವ ಹೆಚ್ಚುವರಿ ವೆಚ್ಚ ಶೂನ್ಯಕ್ಕೆ ಸಮೀಪ. ಅವನು ಕೊಡುವ ಕಾಸೆಲ್ಲ ಗಳಿಕೆಯೇ.

1912ರಲ್ಲಿ ಸಮೂಹವು ಲಂಡನ್ ಜನರಲ್ ಆಮ್ನಿಬಸ್ ಕಂಪನಿಯನ್ನು ತನ್ನದಾಗಿಸಿಕೊಂಡಿತು. ಈ ಕಥೆಯ ನಿಜವಾದ ತಿರುವು ಇಲ್ಲಿದೆ ಎಂದು ನನ್ನ ಭಾವನೆ. ಬಸ್ಸು ಲಾಭದಾಯಕ, ಸುರಂಗ ರೈಲು ಬಂಡವಾಳದ ಭಾರದಿಂದ ಕುಗ್ಗಿದ್ದು. 1915ರ ಆರಂಭದಿಂದ ಸಮೂಹದ ನಾಲ್ಕು ರೈಲು ಕಂಪನಿಗಳ ಮತ್ತು ಬಸ್ಸು ಕಂಪನಿಯ ಆದಾಯವನ್ನು ಸಾಮಾನ್ಯ ನಿಧಿಯೊಂದರಲ್ಲಿ ಕೂಡಿಸಿ ನಿಗದಿತ ಪ್ರಮಾಣದಲ್ಲಿ ಹಂಚುವ ಏರ್ಪಾಡು ಬಂತು. ಪ್ರಯಾಣಿಕ ಬಸ್ಸು ಹತ್ತಿದರೇನು, ರೈಲು ಹತ್ತಿದರೇನು, ಹಣ ಸೇರುವುದು ಒಂದೇ ಕಡೆ ಎಂದಾದ ಮೇಲೆ ರೈಲಿನ ಜೊತೆ ಪೈಪೋಟಿಗೆ ಬಸ್ಸು ಓಡಿಸುವುದರಲ್ಲಿ ಅರ್ಥ ಉಳಿಯಲಿಲ್ಲ. ನಿಲ್ದಾಣಕ್ಕೆ ಜನರನ್ನು ತಂದು ಬಿಡುವ ಬಸ್ಸು ಮಾರ್ಗಗಳನ್ನು ಪಿಕ್ ಹೊರವಲಯದವರೆಗೂ ಹೆಣೆದರು.

ಅಷ್ಟಕ್ಕೇ ಸಮಸ್ಯೆ ಮುಗಿಯಲಿಲ್ಲ. 1922ರಿಂದ ಸಣ್ಣ ಖಾಸಗಿ ಮಾಲೀಕರ ಬಸ್ಸುಗಳು ಲಂಡನ್ನಿನ ಬೀದಿಗಿಳಿದವು. ಜನಸಂದಣಿಯ ರಸ್ತೆ, ಜನಸಂದಣಿಯ ಹೊತ್ತು, ಇವೆರಡೇ ಅವುಗಳಿಗೆ ಬೇಕಾಗಿದ್ದುದು. ಕೆನೆ ಅವರ ಪಾಲಾದರೆ ಹೊಸ ಸುರಂಗಕ್ಕೆ ಬಂಡವಾಳ ಬರುವುದೆಲ್ಲಿಂದ? 1924ರ ಕಾಯ್ದೆ ಬಸ್ಸುಗಳ ಸಂಚಾರಕ್ಕೆ ಕಡಿವಾಣ ಹಾಕಿತೇ ಹೊರತು ಒಡೆತನದ ಪ್ರಶ್ನೆಯನ್ನು ಮುಟ್ಟಲಿಲ್ಲ. ಸರ್ಕಾರಿ ಸೇವೆಯಲ್ಲಿ ಸಮನ್ವಯ ಸಮಿತಿಗಳಲ್ಲಿ ಕುಳಿತವರಿಗೆ ಈ ತೊಡಕು ಪರಿಚಿತ: ಏಕೀಕರಣಕ್ಕೆ ತಾತ್ವಿಕ ಒಪ್ಪಿಗೆ ನೀಡದ ಇಲಾಖೆಯಿಲ್ಲ, ತನ್ನ ಲೆಕ್ಕಶೀರ್ಷಿಕೆಯನ್ನು ಬಿಟ್ಟುಕೊಡುವ ಇಲಾಖೆಯೂ ಇಲ್ಲ.

ಗಂಟು ಬಿಚ್ಚಿದ್ದು ಶಾಸನ. 1929ರ ಲೇಬರ್ ಸರ್ಕಾರದಲ್ಲಿ ಸಾರಿಗೆ ಸಚಿವರಾಗಿದ್ದ ಹರ್ಬರ್ಟ್ ಮಾರಿಸನ್ ಸಾರ್ವಜನಿಕ ಒಡೆತನದ ಮಂಡಳಿಯ ಮಸೂದೆ ತಂದರು. ಸಮೂಹದ ಅಧ್ಯಕ್ಷ ಲಾರ್ಡ್ ಆಶ್‌ಫೀಲ್ಡ್ ಬಂಡವಾಳಶಾಹಿ ಪಾಳಯದವರು, ಮಾರಿಸನ್ ಸಮಾಜವಾದಿ. ಇಬ್ಬರೂ ಮಾತುಕತೆಯಿಂದ ಒಂದು ನೆಲೆಗೆ ಬಂದರು. ಸರ್ಕಾರ ಬದಲಾದರೂ ಮಸೂದೆ ಬದುಕಿತು. 1933ರ ಜುಲೈ 1ರಂದು ಲಂಡನ್ ಪ್ರಯಾಣಿಕ ಸಾರಿಗೆ ಮಂಡಳಿ ಅಸ್ತಿತ್ವಕ್ಕೆ ಬಂದಿತು. ಭೂಗತ ರೈಲು, ಟ್ರಾಮು, ಬಸ್ಸುಗಳೆಲ್ಲ ಅದರ ವಶವಾದವು. ಸ್ವತಂತ್ರವಾಗಿ ಉಳಿಯಬಯಸಿದ್ದ ಮೆಟ್ರೊಪಾಲಿಟನ್ ರೈಲ್ವೆಯೂ ಹೊರಗುಳಿಯಲಾಗಲಿಲ್ಲ. ಆಶ್‌ಫೀಲ್ಡ್ ಅಧ್ಯಕ್ಷರು, ಪಿಕ್ ಉಪಾಧ್ಯಕ್ಷರು ಮತ್ತು ಮುಖ್ಯ ಕಾರ್ಯನಿರ್ವಾಹಕರು.

ನಾಲ್ಕು ದೊಡ್ಡ ರೈಲ್ವೆ ಕಂಪನಿಗಳ ಉಪನಗರ ಮಾರ್ಗಗಳು ಮಾತ್ರ ಅವುಗಳ ಕೈಯಲ್ಲೇ ಉಳಿದವು. ಇಲ್ಲಿಯೂ ಹಳೆಯ ಉಪಾಯವೇ ಬಳಕೆಯಾಯಿತು: ಲಂಡನ್ ವಲಯದೊಳಗಿನ ಪ್ರಯಾಣಿಕರ ಆದಾಯವನ್ನು ಮಂಡಳಿಯೂ ಈ ಕಂಪನಿಗಳೂ ಒಟ್ಟುಗೂಡಿಸಿ ಹಂಚಿಕೊಳ್ಳುವುದು, ಯೋಜನೆಗೆ ಜಂಟಿ ಸಮಿತಿಯಿರುವುದು. ಸ್ಪರ್ಧೆಯ ಕಾರಣ ಹೀಗೆ ಕಡಿಮೆಯಾದ ಮೇಲೆಯೇ 1935ರಲ್ಲಿ ಸರ್ಕಾರದ ಖಾತರಿಯ ಸಾಲದಿಂದ ಸುಮಾರು 4 ಕೋಟಿ ಪೌಂಡುಗಳ ಹೊಸ ಕಾಮಗಾರಿ ಯೋಜನೆ ಹೊರಟಿತು. ಮುಖ್ಯ ಕಂಪನಿಗಳ ಹಳಿಗಳ ಮೇಲೆ ಸುರಂಗ ರೈಲು ನೇರವಾಗಿ ಓಡಬೇಕು, ಪ್ರಯಾಣಿಕ ನಡುವೆ ಇಳಿದು ಹತ್ತುವ ತಾಪತ್ರಯ ತಪ್ಪಬೇಕು ಎಂಬುದು ಅದರ ಆಶಯಗಳಲ್ಲೊಂದು.

ಮಂಡಳಿಗೆ ಒಂದು ಜನ್ಮದೋಷವಿತ್ತು. ಹಳೆಯ ಷೇರುದಾರರಿಗೆ ಪರಿಹಾರವಾಗಿ ಕೊಟ್ಟ ಸಾಲಪತ್ರಗಳಲ್ಲಿ ಒಂದು ವರ್ಗಕ್ಕೆ ಗೊತ್ತುಪಡಿಸಿದ್ದ ಪೂರ್ಣ ಪ್ರತಿಫಲವನ್ನು ಅದು ನೀಡಲಾರದಾಯಿತು. ದರ ಏರಿಸಿದರೆ ಜನ ಮುನಿಯುತ್ತಾರೆ, ಏರಿಸದಿದ್ದರೆ ಹೂಡಿಕೆದಾರರು. ಸಾರ್ವಜನಿಕ ಸೇವೆಯನ್ನು ಪ್ರಯಾಣದರದಿಂದಲೇ ನಡೆಸಿ ಲಾಭವನ್ನೂ ಹಂಚಬೇಕೆಂಬ ಆ ನಿರೀಕ್ಷೆ ನನಗೆ ಅಂದಿನ ಅತಿದೊಡ್ಡ ತಪ್ಪು ಲೆಕ್ಕವೆನಿಸುತ್ತದೆ. ಅದರ ಒತ್ತಡ ಬಿದ್ದದ್ದು ಪಿಕ್ ಮೇಲೆ. ಹಸಿರು ಶಾಯಿಯಲ್ಲಿ ಟಿಪ್ಪಣಿ ಬರೆಯುತ್ತ, ನಿಲ್ದಾಣದ ಆಸನದವರೆಗೆ ಎಲ್ಲವನ್ನೂ ತಾವೇ ಪರಿಶೀಲಿಸುತ್ತಿದ್ದ ಅವರು ಸಹೋದ್ಯೋಗಿಗಳಿಗೆ ಸುಲಭದ ಮನುಷ್ಯರಾಗಿರಲಿಲ್ಲ.

ಯುದ್ಧ ಬಂದಾಗ ಮಂಡಳಿ ಸರ್ಕಾರದ ನಿಯಂತ್ರಣಕ್ಕೊಳಪಟ್ಟಿತು. ಅದರ ಹಣಕಾಸಿನ ಏರ್ಪಾಡಿನ ಬಗ್ಗೆ ಭಿನ್ನಾಭಿಪ್ರಾಯ ಮೂಡಿ 1940ರ ಮೇ ತಿಂಗಳಲ್ಲಿ ಪಿಕ್ ಹೊರನಡೆದರು. ಅದೇ ವರ್ಷ ವಾರ್ತಾ ಸಚಿವಾಲಯದ ಮಹಾನಿರ್ದೇಶಕರಾಗಿ ನಾಲ್ಕೈದು ತಿಂಗಳಷ್ಟೇ ಇದ್ದರು. ನೈಟ್ ಪದವಿಯನ್ನೂ ಲಾರ್ಡ್ ಪದವಿಯನ್ನೂ ನಿರಾಕರಿಸಿದ್ದ ಅವರು 1941ರ ನವೆಂಬರ್ 7ರಂದು ಮಿದುಳಿನ ರಕ್ತಸ್ರಾವದಿಂದ ನಿಧನರಾದರು. ಆಗ ಅವರಿಗೆ 62 ವರ್ಷ.

ಅವರ ಯೋಜನೆಯಲ್ಲಿ ಸೆಂಟ್ರಲ್ ಮಾರ್ಗದ ಪೂರ್ವ, ಪಶ್ಚಿಮ ವಿಸ್ತರಣೆಗಳು ಯುದ್ಧಾನಂತರ ತೆರೆದವು. ಥೇಮ್ಸ್‌ನ ದಕ್ಷಿಣದಲ್ಲಿ ಸುರಂಗ ರೈಲು ಇಂದಿಗೂ ವಿರಳ. ಅಲ್ಲಿನ ಜನರ ಮುಖ್ಯ ಆಸರೆ ಉಪನಗರ ರೈಲುಗಳೇ. ಉತ್ತರದ ಕೆಲವು ವಿದ್ಯುದೀಕರಣ ಕಾಮಗಾರಿಗಳನ್ನು ಅರ್ಧದಲ್ಲೇ ಕೈಬಿಡಲಾಯಿತು. ಫಿನ್ಸ್‌ಬರಿ ಪಾರ್ಕ್‌ನಿಂದ ಹೈಗೇಟ್ ಕಡೆಗೆ ಸುರಂಗ ರೈಲುಗಳು ಓಡಬೇಕಿದ್ದ ದಾರಿಯಲ್ಲಿ ಇಂದು ಹಳಿಗಳಿಲ್ಲ. ಮರಗಳ ನೆರಳಿನಲ್ಲಿ ಜನ ವಾಯುವಿಹಾರಕ್ಕೆ ಹೋಗುತ್ತಾರೆ.