ಡಾ. ಲೆಸ್ಲಿ ಕೋಲ್ಮನ್: ಕೊಳೆರೋಗದ ಮದ್ದು ಮತ್ತು ಮಣ್ಣಿನ ಪಾಠ

ಮುಂಗಾರು ಹಿಡಿಯುವ ಮುನ್ನ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿ ನಮ್ಮ ಮಲೆನಾಡಿನಲ್ಲಿ ಶತಮಾನದಷ್ಟು ಹಳೆಯದು. ಇದಕ್ಕೆ ವೈಜ್ಞಾನಿಕ ತಳಹದಿ ಹಾಕಿದವರು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಕೋಲ್ಮನ್ 1878ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಜನಿಸಿದರು. ಟೊರಾಂಟೊದಲ್ಲಿ ಓದಿ, ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿ ಪಡೆದರು. ಮಣ್ಣಿನಲ್ಲಿ ನಡೆಯುವ ನೈಟ್ರೀಕರಣ ಕ್ರಿಯೆ ಅವರ ಆರಂಭದ ಸಂಶೋಧನೆಯ ವಿಷಯವಾಗಿತ್ತು. ಅನಂತರ ಸಸ್ಯರೋಗ ಹಾಗೂ ಕೀಟಗಳ ತಜ್ಞರಾಗಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು.

ಆ ಕಾಲದಲ್ಲಿ ಕೊಳೆರೋಗ ಅಡಿಕೆ ಬೆಳೆಗಾರರ ವರ್ಷದ ದುಡಿಮೆಯನ್ನು ಮಳೆಯ ಕೆಲವೇ ವಾರಗಳಲ್ಲಿ ನೆಲಕ್ಕೆ ಉದುರಿಸುತ್ತಿತ್ತು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಪಾಡುವುದೇ ರೈತರಿಗೆ ತಿಳಿದಿದ್ದ ಉಪಾಯವಾಗಿತ್ತು. ಕೋಲ್ಮನ್ ರೋಗಕ್ಕೆ ಫೈಟಾಫ್ತೊರಾ ಜಾತಿಯ ಶಿಲೀಂಧ್ರವೇ ಕಾರಣವೆಂದು ನಿರೂಪಿಸಿ, 1910ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದಿದ್ದ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಅಡಿಕೆ ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ರೂಪಿಸಿದರು. ಈ ದ್ರಾವಣ ಬಂದ ರೋಗವನ್ನು ವಾಸಿಮಾಡುವುದಿಲ್ಲ. ಕಾಯಿಯ ಮೇಲೆ ಪದರವಾಗಿ ನಿಂತು ರೋಗ ಒಳಹೋಗದಂತೆ ತಡೆಯುತ್ತದೆ. ಆದ್ದರಿಂದಲೇ ಸಿಂಪರಣೆಯ ಕಾಲ ಮುಖ್ಯ.

ಆದರೆ ಎಲ್ಲ ಪೀಡೆಗೂ ಒಂದೇ ಮದ್ದಿಲ್ಲವೆಂಬುದನ್ನು ಅವರ ಇನ್ನೊಂದು ಅಧ್ಯಯನ ತಿಳಿಸುತ್ತದೆ. ಬಯಲುಸೀಮೆಯ ಜೋಳವನ್ನು ತಿನ್ನುವ ರೆಕ್ಕೆಯಿಲ್ಲದ ಮಿಡತೆಯ ಜೀವನಚಕ್ರವನ್ನು ಅವರು ಅಭ್ಯಸಿಸಿ, 1911ರಲ್ಲಿ ಪ್ರಕಟಿಸಿದರು. ಈ ಮಿಡತೆಗೆ ಕೋಲ್ಮೇನಿಯಾ ಎಂಬ ಶಾಸ್ತ್ರೀಯ ಹೆಸರು ಬಂದದ್ದು ಅವರಿಂದಲೇ. ಇದು ವರ್ಷಕ್ಕೆ ಒಂದೇ ಪೀಳಿಗೆ ನಡೆಸುತ್ತದೆ. ಮೊಟ್ಟೆಗಳು ಮುಂದಿನ ಮುಂಗಾರಿನವರೆಗೆ ಮಣ್ಣಿನಲ್ಲೇ ಇರುತ್ತವೆ. ಹೀಗಾಗಿ ಮಾಗಿ ಉಳುಮೆಯಿಂದ ಮೊಟ್ಟೆಗಳು ಬಿಸಿಲಿಗೂ ಹಕ್ಕಿಗಳಿಗೂ ಸಿಕ್ಕಿ ನಾಶವಾಗುತ್ತವೆ. ಪೀಡೆಯ ಬದುಕನ್ನು ಅರಿತರೆ ನೇಗಿಲೇ ಔಷಧವಾಗಬಲ್ಲದು.

1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದ ಕೋಲ್ಮನ್, ಹೆಬ್ಬಾಳದ ಕೃಷಿ ಶಾಲೆ ಹಾಗೂ 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಗಳ ಸ್ಥಾಪನೆಗೆ ಕಾರಣರಾದರು. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದ ಅವರು 1954ರಲ್ಲಿ ನಿಧನರಾದರು.

ಅವರು ನೀಡಿದ ಮದ್ದು ಇಂದಿಗೂ ತೋಟಗಳನ್ನು ಕಾಯುತ್ತಿದೆ. ಆದರೆ ಅದರಲ್ಲಿರುವ ತಾಮ್ರ ಮೂಲಧಾತುವಾದ್ದರಿಂದ ಕೊಳೆತು ಕರಗುವುದಿಲ್ಲ. ಮಳೆಯೊಡನೆ ಕೆಳಗಿಳಿದ ತಾಮ್ರ ಮೇಲ್ಮಣ್ಣಿನ ಜೇಡಿ ಹಾಗೂ ಸಾವಯವ ಅಂಶಕ್ಕೆ ಅಂಟಿಕೊಂಡು ವರ್ಷದಿಂದ ವರ್ಷಕ್ಕೆ ಸಂಗ್ರಹವಾಗುತ್ತದೆ. ಪ್ರಮಾಣ ಮೀರಿದರೆ ಎರೆಹುಳುಗಳಿಗೂ, ಕೋಲ್ಮನ್ ಆರಂಭದಲ್ಲಿ ಅಭ್ಯಸಿಸಿದ ನೈಟ್ರೀಕರಣದ ಸೂಕ್ಷ್ಮಾಣುಗಳಿಗೂ ಹಾನಿ. ಹುಳಿ ಮಣ್ಣಿನಲ್ಲಿ ಈ ಅಪಾಯ ಹೆಚ್ಚು. ಒಂದು ಕಿ.ಗ್ರಾಂ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿರುತ್ತದೆ. ಐರೋಪ್ಯ ಒಕ್ಕೂಟವು ಹೆಕ್ಟೇರಿಗೆ 7 ವರ್ಷಗಳಲ್ಲಿ 28 ಕಿ.ಗ್ರಾಂ ತಾಮ್ರದ ಮಿತಿಯನ್ನು ವಿಧಿಸಿದೆ. ಅಂದರೆ ಸುಮಾರು 112 ಕಿ.ಗ್ರಾಂ ಮೈಲುತುತ್ತ.

ಆದ್ದರಿಂದ ರೈತ ಬಾಂಧವರು ಈ ಅಂಶಗಳನ್ನು ಗಮನಿಸಬೇಕು:

1. ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿ.ಗ್ರಾಂ ಮೈಲುತುತ್ತ, 1 ಕಿ.ಗ್ರಾಂ ಸುಣ್ಣ ಸಾಕು. ಎರಡನ್ನೂ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಪ್ರತ್ಯೇಕವಾಗಿ ಕರಗಿಸಿ, ಆನಂತರ ಬೆರೆಸಬೇಕು.

2. ಉಜ್ಜಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ದ್ರಾವಣವನ್ನು ಅದೇ ದಿನ ಬಳಸಬೇಕು.

3. ಅಡಿಕೆಗೆ ಮೊದಲ ಸಿಂಪರಣೆ ಮುಂಗಾರಿಗೆ ಮುನ್ನ, ಎರಡನೆಯದು 40ರಿಂದ 45 ದಿನಗಳ ನಂತರ. ದ್ರಾವಣ ಗೊನೆಗೆ ತಾಗಬೇಕು, ನೆಲಕ್ಕಲ್ಲ.

4. ರೋಗ ತಗುಲಿ ಉದುರಿದ ಕಾಯಿ ಹಾಗೂ ಒಣಗಿದ ಗೊನೆಗಳನ್ನು ತೆಗೆದು ನಾಶಪಡಿಸಬೇಕು, ಬಸಿಗಾಲುವೆಗಳನ್ನು ತೆರವುಗೊಳಿಸಬೇಕು.

5. ಹಲವು ವರ್ಷ ಸಿಂಪರಣೆ ಕಂಡ ತೋಟದ ಮಣ್ಣಿನಲ್ಲಿ ರಸಸಾರದ ಜೊತೆಗೆ ತಾಮ್ರವನ್ನೂ ಪರೀಕ್ಷಿಸಬೇಕು.

ತಾಮ್ರಯುಕ್ತ ಶಿಲೀಂಧ್ರನಾಶಕಗಳನ್ನು ಮಾವು, ತರಕಾರಿಗಳಿಗೂ ಬಳಸುವುದರಿಂದ ಈ ಎಚ್ಚರ ಮಲೆನಾಡಿಗಷ್ಟೇ ಸೀಮಿತವಲ್ಲ. ತಾಮ್ರ ಮೀನುಗಳಿಗೆ ವಿಷ. ಸಿಂಪರಣಾ ಯಂತ್ರ ತೊಳೆದ ನೀರನ್ನು ಕೆಲಗೇರಿ ಕೆರೆಯಂತಹ ಜಲಮೂಲಗಳತ್ತ ಹರಿಯಬಿಡಬಾರದು. ರೋಗದ ಕಾರಣವನ್ನು ಮೊದಲು ಅರಿತು, ಸಕಾಲದಲ್ಲಿ, ಅಗತ್ಯವಿದ್ದಷ್ಟೇ ಔಷಧ ಬಳಸುವುದು ಕೋಲ್ಮನ್ನರ ಬದುಕಿನಿಂದ ನಾವು ಕಲಿಯಬೇಕಾದ ಪಾಠ.